ಕೊಡಗಿನ ಇಬ್ಬನಿಗೆ ಎಂಥ ಸ್ಲೀಪಿಂಗ್ ಬ್ಯಾಗ್?

ಪ್ರಶ್ನೆ: ನಾವು ಗೋಣಿಕೊಪ್ಪದವರು. ಹುತ್ತರಿ ಕಳೆದ ಮೇಲೆ, ಡಿಸೆಂಬರ್ ಕೊನೆಯಲ್ಲಿ, ನಾನು ಮತ್ತು ನನ್ನ ಪತ್ನಿ ನಾಲ್ಕು ದಿನ ಸೈಕಲ್ ಪ್ರವಾಸ ಹೊರಡಬೇಕೆಂದಿದ್ದೇವೆ. ವಿರಾಜಪೇಟೆ, ಕಕ್ಕಬ್ಬೆ, ನಾಪೋಕ್ಲು, ಭಾಗಮಂಡಲ, ತಲಕಾವೇರಿ, ಮಡಿಕೇರಿ ನಮ್ಮ ದಾರಿ. ಟೆಂಟ್ ಇದೆ. ಸೈಕಲ್‌ಗಳಿಗೆ ಕ್ಯಾರಿಯರ್ ಇಲ್ಲ. ಹ್ಯಾಂಡಲ್‌ಗೆ, ಫ್ರೇಮಿಗೆ, ಸೀಟಿನ ಹಿಂದಕ್ಕೆ ಕಟ್ಟುವ ಚೀಲಗಳಷ್ಟೇ. ಸ್ಲೀಪಿಂಗ್ ಬ್ಯಾಗ್‌ಗೆ ತಲಾ ನಾಲ್ಕು ಸಾವಿರ ರೂಪಾಯಿವರೆಗೆ ಖರ್ಚು ಮಾಡಬಲ್ಲೆವು. ಮೈನಸ್ 5 ಡಿಗ್ರಿಗೂ ಆಗುತ್ತದೆ ಎಂದು ಬರೆದಿರುವ, 1.8 ಕಿಲೋ ತೂಕದ ಒಂದು ಬ್ಯಾಗ್ ಆನ್‌ಲೈನ್‌ನಲ್ಲಿ ಸಾವಿರದ ಐನೂರಕ್ಕೇ ಸಿಗುತ್ತಿದೆ. ಗೆಳೆಯರೊಬ್ಬರು ಸಾಲ ಮಾಡಿಯಾದರೂ ಡೌನ್, ಅಂದರೆ ಹಕ್ಕಿಯ ಒಳಗರಿ ತುಂಬಿದ, ಬ್ಯಾಗ್ ಕೊಳ್ಳಿ ಎನ್ನುತ್ತಾರೆ. ಯಾರ ಮಾತು ಕೇಳಬೇಕು? ಇಬ್ಬರಿಗೂ ಸೇರಿ ಒಂದೇ ದೊಡ್ಡ ಬ್ಯಾಗ್ ಕೊಂಡರೆ ಉಳಿತಾಯವಾದೀತೇ?

ಉತ್ತರ: ಮೈನಸ್ 5 ಡಿಗ್ರಿಯದು ಬೇಡ, ಡೌನ್ ಕೂಡ ಬೇಡ. ಕಂಫರ್ಟ್ (ನೆಮ್ಮದಿಯಾಗಿ ನಿದ್ರಿಸಬಲ್ಲ ಉಷ್ಣಾಂಶ) 10 ಡಿಗ್ರಿ ಎಂದು ನಮೂದಿಸಿರುವ, ಒಂದು ಕಿಲೋ ಆಸುಪಾಸಿನ, ತುರುಕಿದಾಗ ಏಳೆಂಟು ಲೀಟರಿಗಿಂತ ಹೆಚ್ಚು ಜಾಗ ಹಿಡಿಯದ ಸಿಂಥೆಟಿಕ್ ಬ್ಯಾಗ್ ನಿಮಗೆ ಸಾಕು. ತುಸು ಹುಡುಕಿದರೆ ನಿಮ್ಮ ನಾಲ್ಕು ಸಾವಿರದೊಳಗೇ ಸಿಗುತ್ತದೆ. ಅವಸರವಿದ್ದವರು ಇಷ್ಟಕ್ಕೇ ಓದು ನಿಲ್ಲಿಸಿ ಅಂಗಡಿಗೆ ಹೋಗಬಹುದು. ಆದರೆ ಅಲ್ಲಿ ನಿಮ್ಮ ಕೈಗೆ ಇನ್ನೇನನ್ನೋ ಕೊಡಲು ನೋಡುತ್ತಾರೆ; ಆಗ ಬೇಡ ಎನ್ನಲು ಕಾರಣ ಗೊತ್ತಿರಬೇಕು.

ಮೊದಲು ಚಳಿಯ ವಿಚಾರ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ತಲಕಾವೇರಿ 1,276 ಮೀಟರ್. ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ಈ ಎತ್ತರದಲ್ಲಿ ಉಷ್ಣಾಂಶ ಸಾಮಾನ್ಯವಾಗಿ 10ರಿಂದ 14 ಡಿಗ್ರಿ ಇರುತ್ತದೆ. ಅಪರೂಪಕ್ಕೆ ಒಂದಂಕಿಗೆ ಇಳಿಯುವುದುಂಟು. ಬಾಟಲಿಯ ನೀರು ಗಟ್ಟಿಯಾಗುವ ಚಳಿ ನಮ್ಮಲ್ಲಿಲ್ಲ. ಹಿಮಾಲಯದ ಚಾರಣಕ್ಕೆಂದು ಬರೆದ ಸಲಹೆಗಳನ್ನು ಓದಿಕೊಂಡು ಬರುವವರು ಇಲ್ಲೇ ಎಡವುತ್ತಾರೆ: ಬೇಡದ ಬಿಸಿಗೆ ಹಣ ಕೊಟ್ಟು, ಅದನ್ನು ಘಟ್ಟ ಹತ್ತಿಸಿ, ರಾತ್ರಿ ಹನ್ನೆರಡಕ್ಕೆ ಬೆವರಿ ಜಿಪ್ ತೆಗೆದು ಮಲಗುತ್ತಾರೆ. ಆ ಬೆವರು ಆರುವಾಗ ಮೂರು ಗಂಟೆಗೆ ನಡುಗುತ್ತಾರೆ.

ಕೊಡಗಿನಲ್ಲಿ ನಿದ್ದೆ ಕೆಡಿಸುವುದು ಚಳಿಗಿಂತ ಹೆಚ್ಚಾಗಿ ತೇವ. ಇದಕ್ಕೆ ನನ್ನ ಮಾತನ್ನೇ ನಂಬಬೇಕಾಗಿಲ್ಲ. ನೀವು ಹೊರಡುವ ಹೊತ್ತಿಗೆ ಕಾಫಿ ಕೊಯ್ಲು ನಡೆಯುತ್ತಿರುತ್ತದೆ. ಸಂಜೆ ಯಾವ ತೋಟದ ಕಣದ ಬಳಿ ನಿಂತರೂ ಕಾಣುತ್ತದೆ. ಬಿಸಿಲು ಇಳಿಯುವ ಮೊದಲೇ ಹರಡಿದ್ದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಮಳೆಯ ಭಯಕ್ಕಲ್ಲ, ಇಬ್ಬನಿಯ ಭಯಕ್ಕೆ. ದಿನವಿಡೀ ಒಣಗಿದ್ದು ಒಂದು ರಾತ್ರಿಗೆ ಮತ್ತೆ ತೇವ ಹೀರುತ್ತದೆ. ಬೆಳಿಗ್ಗೆ ಏಳಕ್ಕೆ ಆ ಟಾರ್ಪಾಲಿನ ಮಡಿಕೆಗಳಲ್ಲಿ ನೀರು ನಿಂತಿರುತ್ತದೆ, ಸರಿಸಿದರೆ ಧಾರೆಯಾಗಿ ಸುರಿಯುತ್ತದೆ. ನಿಮ್ಮ ಟೆಂಟಿನ ಮೇಲೂ ಅಷ್ಟೇ ಇಬ್ಬನಿ ಬೀಳುತ್ತದೆ. ಒಳಗಿನಿಂದ ಬೇರೆ, ನಿಮ್ಮಿಬ್ಬರ ಉಸಿರು ಮತ್ತು ಮೈಯ ತೇವ ಟೆಂಟಿನ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಒಂದೇ ಪದರದ ಅಗ್ಗದ ಟೆಂಟ್ ಆದರಂತೂ ಬ್ಯಾಗಿನ ಕಾಲಿನ ತುದಿ ಗೋಡೆಗೆ ತಾಗಿ ಬೆಳಗಾಗುವಷ್ಟರಲ್ಲಿ ಒದ್ದೆಯಾಗಿರುತ್ತದೆ.

ಡೌನ್ ಬೇಡ ಎನ್ನುವುದು ಈ ಕಾರಣಕ್ಕೆ. ಡೌನ್ ಎಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಎದೆಯ ಮೆತ್ತನೆಯ ಒಳಗರಿ. ಒಣಗಿದ್ದಾಗ ಅದಕ್ಕೆ ಸಮನಾದುದಿಲ್ಲ: ಅಷ್ಟೇ ಬಿಸಿಗೆ ಸಿಂಥೆಟಿಕ್‌ಗಿಂತ ಹಗುರ, ಮುಷ್ಟಿಯಲ್ಲಿ ಹಿಡಿದರೆ ಕುಗ್ಗಿ ಸಣ್ಣದಾಗುತ್ತದೆ, ಸರಿಯಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಬಿಸಿ ಕಾಯುವುದು. ತೇವ ತಗುಲಿದರೆ ಗರಿಗಳು ಮಳೆಯಲ್ಲಿ ನೆನೆದ ಕೋಳಿಯಂತೆ ಮುದುಡಿ ಅಂಟಿಕೊಳ್ಳುತ್ತವೆ, ಗಾಳಿಗೆ ಜಾಗವೇ ಉಳಿಯುವುದಿಲ್ಲ. ಒಂದು ರಾತ್ರಿಯ ಇಬ್ಬನಿಗೇ ಹಾಗಾಗುವುದಿಲ್ಲ, ನಿಜ. ಆದರೆ ನಿಮ್ಮದು ನಾಲ್ಕು ದಿನದ ಪ್ರವಾಸ. ಬೆಳಿಗ್ಗೆ ಅರೆತೇವದ ಬ್ಯಾಗನ್ನು ತುರುಕಿ ಹೊರಟು, ಸಂಜೆ ಮತ್ತೆ ಬಿಡಿಸಿದರೆ ಒಂದೊಂದು ರಾತ್ರಿಗೂ ಅದರ ಉಬ್ಬು ಕಡಿಮೆಯಾಗುತ್ತದೆ. ನೀರು ಅಂಟದಂತೆ ಸಂಸ್ಕರಿಸಿದ ಡೌನ್ ಕೂಡ ಇದೆ. ಅದು ತಡವಾಗಿ ನೆನೆಯುತ್ತದೆ, ನೆನೆಯುವುದೇ ಇಲ್ಲವೆಂದಲ್ಲ. ನಾಲ್ಕು ಸಾವಿರಕ್ಕೆ ಒಳ್ಳೆಯ ಹೊಸ ಡೌನ್ ಬ್ಯಾಗ್ ಸಿಗುವುದೂ ಕಷ್ಟ. ಆ ಬೆಲೆಗೆ ಡೌನ್ ಎಂದು ಮಾರುವುದರಲ್ಲಿ ಬಹಳ ಸಲ ದಂಟಿರುವ ಸಾಮಾನ್ಯ ಪುಕ್ಕವೇ ಜಾಸ್ತಿ. ಬಟ್ಟೆಯ ಮೇಲಿಂದ ಹಿಸುಕಿ ನೋಡಿ, ದಂಟು ಚುಚ್ಚಿದರೆ ಅಲ್ಲೇ ಬಿಟ್ಟುಬನ್ನಿ. ನಿಮ್ಮ ಗೆಳೆಯರು ಲಡಾಖಿಗೆ ಹೊರಟಿದ್ದರೆ ಅವರ ಮಾತು ಸರಿ. ಕಕ್ಕಬ್ಬೆಗೆ ಅದು ಹೊಂದುವುದಿಲ್ಲ.

ಸಿಂಥೆಟಿಕ್ ಎಂದರೆ ಪಾಲಿಯೆಸ್ಟರ್ ಎಳೆಗಳು. ನೆನೆದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತವೆ, ಬೇಗ ಒಣಗುತ್ತವೆ, ಮನೆಯಲ್ಲೇ ಒಗೆಯಬಹುದು. ದೋಷವೆಂದರೆ ಗಾತ್ರ, ಜತೆಗೆ, ಪದೇ ಪದೇ ಬಿಗಿಯಾಗಿ ತುರುಕಿದರೆ ಎಳೆಗಳು ಮುರಿದು ಕೆಲವು ವರ್ಷಗಳಲ್ಲಿ ಬ್ಯಾಗ್ ಚಪ್ಪಟೆಯಾಗುತ್ತದೆ. ಬಾಡಿಗೆಗೆ ಕೊಡುವ ಬ್ಯಾಗ್‌ಗಳನ್ನು ಬೆಳಕಿಗೆ ಹಿಡಿದು ನೋಡಿ: ಒಳಗಿನ ಹಾಸು ಕೆಲವೆಡೆ ಗಂಟುಕಟ್ಟಿ, ಕೆಲವೆಡೆ ಖಾಲಿಯಾಗಿ, ಬಟ್ಟೆಯ ಆಚೆಯ ಬೆರಳು ಕಾಣುತ್ತದೆ. ಆ ಖಾಲಿ ಜಾಗದಿಂದಲೇ ಚಳಿ ಒಳಬರುತ್ತದೆ. ಹಳೆಯದನ್ನು ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ.

ಇನ್ನು ಆ ಮೈನಸ್ 5ರ ಕಥೆ. ಸ್ಲೀಪಿಂಗ್ ಬ್ಯಾಗ್‌ಗಳ ಉಷ್ಣಾಂಶ ಅಳೆಯಲು ಯುರೋಪಿನಲ್ಲಿ 2002ರಲ್ಲಿ ಇಎನ್ 13537 ಎಂಬ ಮಾನದಂಡ ಬಂತು; ಅದರ ಜಾಗಕ್ಕೆ 2016ರಲ್ಲಿ ಐಎಸ್‌ಒ 23537 ಬಂತು. ಬಿಸಿ ಮಾಡಿದ ಮನುಷ್ಯಾಕಾರದ ಬೊಂಬೆಗೆ ತೆಳುವಾದ ಒಳಉಡುಪು ತೊಡಿಸಿ, ಮ್ಯಾಟಿನ ಮೇಲೆ ಬ್ಯಾಗಿನೊಳಗೆ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಅದು ಎಷ್ಟು ಶಾಖ ಕಳೆದುಕೊಳ್ಳುತ್ತದೆಂದು ಅಳೆಯುತ್ತಾರೆ. ಅದರಿಂದ ಮುಖ್ಯವಾಗಿ ಮೂರು ಸಂಖ್ಯೆಗಳು ಬರುತ್ತವೆ. ಕಂಫರ್ಟ್ ಎಂದರೆ ಸಾಮಾನ್ಯ ಮೈಕಟ್ಟಿನ ಹೆಂಗಸು ಕೈಕಾಲು ಚಾಚಿ ನೆಮ್ಮದಿಯಾಗಿ ನಿದ್ರಿಸಬಲ್ಲ ಉಷ್ಣಾಂಶ. ಲಿಮಿಟ್ ಎಂದರೆ ಗಂಡಸು ಮುದುರಿಕೊಂಡು ಹೇಗೋ ಎಂಟು ಗಂಟೆ ಮಲಗಬಲ್ಲದ್ದು. ಎಕ್ಸ್‌ಟ್ರೀಮ್ ಎಂದರೆ ನಿದ್ದೆಯ ಮಾತೇ ಅಲ್ಲ, ಆರು ಗಂಟೆ ಕಾಲ ಜೀವ ಉಳಿದರೆ ಸಾಕು ಎನ್ನುವಂಥದ್ದು. ಅಗ್ಗದ ಬ್ಯಾಗಿನ ಮೇಲೆ ದಪ್ಪಕ್ಷರದಲ್ಲಿ ಒಂದೇ ಸಂಖ್ಯೆ ಇದ್ದರೆ ಅದು ಈ ಮೂರನೆಯದಾಗಿರುವ ಸಂಭವ ಹೆಚ್ಚು, ಅಥವಾ ಯಾವ ಪರೀಕ್ಷೆಯೂ ಇಲ್ಲದೆ ಅಚ್ಚು ಹಾಕಿದ್ದೂ ಆಗಿರಬಹುದು. ಮೂರೂ ಸಂಖ್ಯೆಗಳನ್ನು, ಮಾನದಂಡದ ಹೆಸರಿನೊಂದಿಗೆ, ಒಳಗಿನ ಪಟ್ಟಿಯಲ್ಲಿ ಕೊಟ್ಟಿರುವ ಬ್ಯಾಗನ್ನೇ ನಂಬಿ. ಅದರಲ್ಲೂ ಕಂಫರ್ಟ್ ಒಂದನ್ನೇ ಓದಿ. ನಿಮಗೆ 10 ಸಾಕು. ನಿಮ್ಮ ಪತ್ನಿಗೆ ಸಹಜವಾಗಿ ಚಳಿ ಜಾಸ್ತಿ ಎಂದಾದರೆ ಅವರಿಗೆ 5ರದ್ದು ತೆಗೆಯಿರಿ, ಬೆಲೆಯಲ್ಲೂ ತೂಕದಲ್ಲೂ ತುಸುವೇ ಹೆಚ್ಚಾಗುತ್ತದೆ. ಇಬ್ಬರಿಗೂ ಸಂಶಯವಿದ್ದರೆ 10ರದ್ದನ್ನೇ ಕೊಂಡು, ಒಳಗೆ ಉಣ್ಣೆಯ ಟೋಪಿ, ಒಣ ಕಾಲುಚೀಲ, ತೋಳಿನ ಬನಿಯನ್ ಹಾಕಿಕೊಳ್ಳಿ. ಅವು ಹೇಗೂ ನಿಮ್ಮ ಚೀಲದಲ್ಲಿರುತ್ತವೆ.

ಸೈಕಲ್ ಸವಾರನಿಗೆ ಇದಕ್ಕಿಂತ ಮುಖ್ಯವಾದದ್ದು ಗಾತ್ರ. ತೂಕ ತುಸು ಹೆಚ್ಚಾದರೆ ಭಾಗಮಂಡಲದಿಂದ ತಲಕಾವೇರಿಯ ಎಂಟು ಕಿಲೋಮೀಟರ್ ಏರಿನಲ್ಲಿ ಏದುಸಿರು ಬಿಟ್ಟಾದರೂ ಹತ್ತಬಹುದು. ಗಾತ್ರ ಹೆಚ್ಚಾದರೆ ಕಟ್ಟಲು ಜಾಗವೇ ಇರುವುದಿಲ್ಲ. ಹ್ಯಾಂಡಲ್‌ಗೆ ಕಟ್ಟುವ ಉರುಳೆ ಚೀಲಗಳು ಸಾಮಾನ್ಯವಾಗಿ 8ರಿಂದ 15 ಲೀಟರಿನವು, ಸೀಟಿನ ಹಿಂದಿನವೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿಗೆ ಟೆಂಟ್, ಬಟ್ಟೆ, ಮಳೆಯಂಗಿ ಎಲ್ಲವೂ ಸೇರಬೇಕು. ಬ್ಯಾಗಿನ ಮೇಲೆ ಲೀಟರ್ ಬರೆದಿಲ್ಲದಿದ್ದರೆ ಟೇಪಿನಿಂದ ಅಳೆದು ಲೆಕ್ಕ ಹಾಕಿ: ಅಡ್ಡಳತೆಯ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಮತ್ತು ಉದ್ದದಿಂದ ಗುಣಿಸಿ, ಸಾವಿರದಿಂದ ಭಾಗಿಸಿ. ಅಡ್ಡ 24, ಉದ್ದ 40 ಸೆಂಟಿಮೀಟರ್ ಇರುವ ಉರುಳೆ 18 ಲೀಟರ್ ಆಗುತ್ತದೆ. ನಿಮ್ಮ ಸಾವಿರದ ಐನೂರರ ಬ್ಯಾಗ್ ಆ ಜಾತಿಯದೇ ಇರಬೇಕು. ಅಡ್ಡ 17, ಉದ್ದ 32 ಆದರೆ ಏಳು ಲೀಟರಿನ ಸುಮಾರು. ನೋಡಲು ಚೂರುಪಾರು ವ್ಯತ್ಯಾಸದಂತೆ ಕಾಣುತ್ತದೆ, ಆದರೆ ಒಂದು ಇನ್ನೊಂದರ ಎರಡೂವರೆ ಪಟ್ಟು.

ಅಂಗಡಿಯಲ್ಲಿ ಕೊಡುವ ದುಂಡು ಚೀಲವನ್ನು ಮನೆಯಲ್ಲೇ ಬಿಡಿ. ನಾಲ್ಕು ಕಡೆ ಪಟ್ಟಿ ಎಳೆದು ಬಿಗಿಮಾಡಿದ ಬ್ಯಾಗ್ ಕಲ್ಲಿನಷ್ಟು ಗಟ್ಟಿಯಾಗಿ, ಉರುಳೆ ಚೀಲದೊಳಗೆ ಅದರ ಸುತ್ತಲೂ ಮೂಲೆಗಳು ಖಾಲಿ ಉಳಿಯುತ್ತವೆ. ಅದರ ಬದಲು ಹ್ಯಾಂಡಲ್‌ನ ಜಲನಿರೋಧಕ ಚೀಲಕ್ಕೇ ನೇರವಾಗಿ ತುರುಕಿ. ಜಿಪ್ ಪೂರ್ತಿ ತೆರೆದು, ಕಾಲಿನ ತುದಿಯಿಂದ ಆರಂಭಿಸಿ ಹಿಡಿಹಿಡಿಯಾಗಿ ಒಳಗೆ ತಳ್ಳುತ್ತಾ ಹೋಗಿ. ಸುರುಳಿ ಸುತ್ತಬೇಡಿ: ಸುತ್ತಿದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ, ಪ್ರತಿ ಸಲ ಅದೇ ಜಾಗದಲ್ಲಿ ಮಡಿಕೆ ಬಿದ್ದು ಎಳೆ ಮುರಿಯುತ್ತದೆ. ಕೊನೆಗೆ ಮೊಣಕಾಲೂರಿ ಗಾಳಿ ಹೊರಡಿಸಿ ಬಾಯಿ ಸುತ್ತಿ. ಹಗುರವಾದ, ದೊಡ್ಡ ಗಾತ್ರದ ಈ ಒಂದೇ ಸಾಮಾನು ಹ್ಯಾಂಡಲ್ ಮೇಲಿರಲಿ. ಒಟ್ಟು ಮೂರು ಕಿಲೋ ದಾಟಿದರೆ ಇಳಿಜಾರಿನ ತಿರುವುಗಳಲ್ಲಿ ಸೈಕಲ್ ಮಾತು ಕೇಳುವುದಿಲ್ಲ. ಟೆಂಟಿನ ಬಟ್ಟೆ ಹಿಂದಕ್ಕೆ, ಕೋಲುಗಳು ಫ್ರೇಮಿಗೆ. ಕಟ್ಟಿದ ಮೇಲೆ ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಬ್ರೇಕ್ ಹಿಡಿದು, ಮುಂದಿನ ಚಕ್ರಕ್ಕೆ ಎಲ್ಲೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮುಂಭಾಗದಲ್ಲಿ ಸಸ್ಪೆನ್ಶನ್ ಇದ್ದರೆ ಅದನ್ನು ಒತ್ತಿ ನೋಡಿಯೇ ತೀರ್ಮಾನಿಸಿ.

ಬಜೆಟ್ಟಿನ ವಿಷಯಕ್ಕೆ ಬಂದರೆ, ನಾಲ್ಕು ಸಾವಿರವನ್ನು ಪೂರ್ತಿ ಬ್ಯಾಗಿಗೇ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ನೀವು ಮಲಗಿದಾಗ ಬೆನ್ನಿನ ಕೆಳಗಿನ ಹಾಸು ಜಜ್ಜಿಹೋಗುತ್ತದೆ, ಆ ಭಾಗ ಎಷ್ಟು ದುಬಾರಿಯದಾದರೂ ಕೆಲಸ ಮಾಡುವುದಿಲ್ಲ. ಅಲ್ಲಿ ಕಾಪಾಡುವುದು ಮ್ಯಾಟ್. ಯಾವ ಬ್ಯಾಗಿನ ಮೇಲಿನ ಉಷ್ಣಾಂಶದ ಸಂಖ್ಯೆಯೂ ಕೆಳಗೆ ಮ್ಯಾಟ್ ಇದೆ ಎಂದುಕೊಂಡೇ ಬರೆದದ್ದು. ಮುಚ್ಚಿದ ರಂಧ್ರಗಳ ಫೋಮ್ ಮ್ಯಾಟ್ ನಮ್ಮ ಚಳಿಗೆ ಧಾರಾಳ ಸಾಕು. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ತೂತಾಗುವ ಭಯವಿಲ್ಲ. ಗಾಳಿ ತುಂಬುವ ಮ್ಯಾಟ್ ಸಣ್ಣದಾಗುತ್ತದೆ ನಿಜ, ಆದರೆ ಕಾಫಿ ಗಿಡದ ರೆಂಬೆ ಸವರಿದ ಮೋಟುಗಳು, ಬಿದಿರಿನ ಸೀಳುಗಳಿರುವ ನೆಲದಲ್ಲಿ ಅದಕ್ಕೆ ಆಯುಸ್ಸು ಕಡಿಮೆ. ಫೋಮನ್ನು ಭುಜದಿಂದ ಸೊಂಟದ ಕೆಳಗಿನವರೆಗೆ, ಸುಮಾರು 110 ಸೆಂಟಿಮೀಟರಿಗೆ ಕತ್ತರಿಸಿ; ಕಾಲಿನ ಕೆಳಗೆ ಖಾಲಿ ಚೀಲಗಳನ್ನು ಹಾಸಿಕೊಳ್ಳಿ. ಉರುಳೆ ಅರ್ಧದಷ್ಟಾಗುತ್ತದೆ. ಯೋಗ ಮ್ಯಾಟ್ ಮಾತ್ರ ಬೇಡ, ಭಾರ ಜಾಸ್ತಿ, ಚಳಿ ತಡೆಯುವುದು ಅಷ್ಟಕ್ಕಷ್ಟೆ.

ಇನ್ನೊಂದು ಅಗ್ಗದ ಉಪಾಯ ಒಳಹೊದಿಕೆ. ಅಂಗಡಿಯಲ್ಲಿ ಲೈನರ್ ಎನ್ನುತ್ತಾರೆ. ಮನೆಯಲ್ಲಿ ಉಡದೆ ಇಟ್ಟ ಹಳೆಯ ತೆಳು ರೇಷ್ಮೆ ಸೀರೆ ಇದ್ದರೆ, ಜರಿ ಅಂಚು ಕತ್ತರಿಸಿ, ನಾಲ್ಕೂವರೆ ಮೀಟರ್ ತುಂಡನ್ನು ಉದ್ದಕ್ಕೆ ಎರಡಾಗಿ ಮಡಚಿ, ಅಗಲವನ್ನು 80 ಸೆಂಟಿಮೀಟರಿಗೆ ಇಳಿಸಿ ಎರಡೂ ಬದಿ ಹೊಲಿಸಿದರೆ ಮುಗಿಯಿತು. ಮುಷ್ಟಿಯಷ್ಟಾಗುತ್ತದೆ, ಬೆವರು ಮತ್ತು ಮೈಯೆಣ್ಣೆ ಬ್ಯಾಗಿಗೆ ತಾಗದಂತೆ ತಡೆಯುತ್ತದೆ, ಮಾರ್ಚ್ ಏಪ್ರಿಲಿನಲ್ಲಿ ಅದೊಂದೇ ಸಾಕಾಗುತ್ತದೆ. ಹತ್ತಿಯದು ತೇವ ಹಿಡಿದುಕೊಳ್ಳುತ್ತದೆ, ಬೇಡ. ಸೀರೆಯ ಒಡತಿಯ ಒಪ್ಪಿಗೆ ಪಡೆಯುವುದು ನಿಮಗೆ ಬಿಟ್ಟದ್ದು.

ಅಂಗಡಿಯಲ್ಲಿ ನಾಚಿಕೆ ಬಿಟ್ಟು ಬ್ಯಾಗಿನೊಳಗೆ ಮಲಗಿ ನೋಡಿ. ಕಾಲ ಬೆರಳು ತುದಿಗೆ ಒತ್ತಿದರೆ ಚಿಕ್ಕದು. ಅಲ್ಲಿ ಒಂದು ಗೇಣಿಗಿಂತ ಹೆಚ್ಚು ಖಾಲಿ ಇದ್ದರೆ ದೊಡ್ಡದು, ಆ ಖಾಲಿ ಗಾಳಿಯನ್ನೆಲ್ಲ ಬಿಸಿ ಮಾಡಬೇಕಾದವರು ನೀವೇ. ನನ್ನ ಬಳಿ ರಿಪೇರಿಗೆ ಬರುವ ಬ್ಯಾಗ್‌ಗಳಲ್ಲಿ ಬಹುಪಾಲು ಜಿಪ್ ಕೆಟ್ಟವು, ಆದ್ದರಿಂದ ಜಿಪ್ ಬಗ್ಗೆ ಹಟ ಮಾಡುತ್ತೇನೆ. ಒಳಗಿನಿಂದ, ಕತ್ತಲಲ್ಲಿದ್ದೀರೆಂದು ಕಣ್ಣು ಮುಚ್ಚಿಕೊಂಡು, ಒಂದೇ ಕೈಯಲ್ಲಿ ಮೇಲೆ ಕೆಳಗೆ ಎಳೆಯಿರಿ. ಒಳಬಟ್ಟೆಯನ್ನು ಕಚ್ಚಿದರೆ ಅಂಥದ್ದು ಎರಡು ಪ್ರವಾಸಕ್ಕೆ ಮುರಿಯುತ್ತದೆ. ಜಿಪ್ಪಿನ ಉದ್ದಕ್ಕೂ ಒಳಗಡೆ ಹಾಸು ತುಂಬಿದ ಪಟ್ಟಿ ಇರಬೇಕು, ಇಲ್ಲದಿದ್ದರೆ ಆ ಸಾಲಿನಿಂದಲೇ ಗಾಳಿ ನುಗ್ಗುತ್ತದೆ. ಜಿಪ್ ಕಾಲಿನ ಕಡೆಯಿಂದಲೂ ತೆರೆಯುವಂತಿದ್ದರೆ ಒಳ್ಳೆಯದು; ಸೆಕೆಯ ರಾತ್ರಿ ಪಾದ ಹೊರಗಿಡಬಹುದು, ಪೂರ್ತಿ ಬಿಚ್ಚಿ ರಜಾಯಿಯಂತೆ ಹೊದೆಯಬಹುದು. ನಂತರ ನೀವೇ ಅದನ್ನು ಚೀಲಕ್ಕೆ ತುರುಕಿ, ಹೊರತೆಗೆದು, ಹತ್ತು ನಿಮಿಷ ಬಿಡಿ. ಬೇಗ ಉಬ್ಬಿ ನಿಂತದ್ದು ಒಳ್ಳೆಯದು. ಹಾಸಿನ ಜಿಎಸ್‌ಎಂ ಸಂಖ್ಯೆಯನ್ನು ಮಾತ್ರ ತೋರಿಸಿ ಮಾರುವವರ ಬಳಿ ಹೆಚ್ಚು ಹೊತ್ತು ನಿಲ್ಲಬೇಡಿ. ಅದು ಒಂದು ಚದರ ಮೀಟರ್ ಹಾಸಿನ ತೂಕ ಎಷ್ಟು ಗ್ರಾಂ ಎಂದು ಹೇಳುತ್ತದೆಯೇ ಹೊರತು ಬಿಸಿಯನ್ನಲ್ಲ.

ಒಂದೇ ದೊಡ್ಡ ಬ್ಯಾಗಿನ ಪ್ರಶ್ನೆಗೆ ಉತ್ತರ ಚಿಕ್ಕದು: ಬೇಡ. ಅದರ ಗಾತ್ರವೆಲ್ಲ ಒಂದೇ ಸೈಕಲ್ ಮೇಲೆ ಬೀಳುತ್ತದೆ, ಒಬ್ಬರು ಮಗ್ಗುಲು ಬದಲಿಸಿದರೆ ಇಬ್ಬರಿಗೂ ಚಳಿ. ಜತೆಯಾಗಿ ಮಲಗಬೇಕೆಂದರೆ ಒಂದೇ ಮಾದರಿಯಲ್ಲಿ ಒಬ್ಬರಿಗೆ ಎಡ ಜಿಪ್ಪಿನದು, ಇನ್ನೊಬ್ಬರಿಗೆ ಬಲ ಜಿಪ್ಪಿನದು ತೆಗೆದುಕೊಳ್ಳಿ. ಅವು ಒಂದಕ್ಕೊಂದು ಕೂಡುತ್ತವೆ. ಮೊದಲ ಪ್ರವಾಸವೇ ಆದರೆ, ಬೆಂಗಳೂರಿನಲ್ಲಿ ಚಾರಣದ ಸಾಮಾನು ಬಾಡಿಗೆಗೆ ಕೊಡುವವರಿದ್ದಾರೆ. ಒಳಹೊದಿಕೆ ನಿಮ್ಮದಿರಲಿ, ಬ್ಯಾಗ್ ಅವರದು ತನ್ನಿ.

ಟೆಂಟ್ ಎಲ್ಲಿ ಹಾಕುತ್ತೀರಿ ಎಂಬುದರ ಮೇಲೆ ಬ್ಯಾಗಿನ ಎರಡು ಮೂರು ಡಿಗ್ರಿ ನಿಂತಿದೆ. ಹುತ್ತರಿ ಮುಗಿದು ಕೊಯ್ಲಾದ ಗದ್ದೆ ಸಮತಟ್ಟಾಗಿ, ಕರೆಯುವಂತೆ ಕಾಣುತ್ತದೆ. ಅಲ್ಲಿ ಮಲಗಬೇಡಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ಇಳಿಜಾರಿನ ನೆಲ ತಣಿದು, ಅದಕ್ಕೆ ತಾಗಿದ ಗಾಳಿ ಭಾರವಾಗಿ ಕೆಳಕ್ಕೆ ಹರಿದು ಗದ್ದೆಯ ಬಯಲಲ್ಲಿ ತುಂಬಿಕೊಳ್ಳುತ್ತದೆ. ಎತ್ತರ ಹೆಚ್ಚಿದಷ್ಟೂ ಚಳಿ ಎಂಬ ಲೆಕ್ಕ ಅಂಥ ರಾತ್ರಿಗಳಲ್ಲಿ ತಲೆಕೆಳಗು. ಬೆಳಿಗ್ಗೆ ಮಂಜು ಮೊದಲು ಕಟ್ಟುವುದೂ ಕೊನೆಗೆ ಕರಗುವುದೂ ಅಲ್ಲೇ. ಅದೇ ಗದ್ದೆಗೆ ಸೇರಿದ ಬಾಣೆಯ (ಗದ್ದೆಯ ಮೇಲ್ಬದಿಯ ಮರಗಳಿರುವ ಜಮೀನು) ಅಂಚಿಗೆ ಹತ್ತಾರು ಅಡಿ ಮೇಲೇರಿದರೆ ಬೆಚ್ಚಗಿರುತ್ತದೆ, ಮರದ ಕೆಳಗಾದರೆ ಇಬ್ಬನಿಯೂ ಕಡಿಮೆ. ಆದರೆ ಆನೆಯ ಓಡಾಟವಿರುವ ಜಿಲ್ಲೆ ಇದು, ನಿಮಗೆ ಹೇಳಬೇಕಾಗಿಲ್ಲ. ಭತ್ತ ಮಾಗುವ ಕಾಲಕ್ಕೆ ತೋಟದೊಳಗೇ ಬರುತ್ತವೆ. ಗೊತ್ತಿಲ್ಲದ ತೋಟದ ಮೂಲೆಯಲ್ಲಿ ಮಲಗುವ ಬದಲು ಮನೆಯವರನ್ನು ಕೇಳಿ ಅಂಗಳದಲ್ಲಿ ಅಥವಾ ಹೋಂಸ್ಟೇ ಆವರಣದಲ್ಲಿ ಟೆಂಟ್ ಹಾಕಿ. ಕಕ್ಕಬ್ಬೆಯಿಂದ ತಡಿಯಂಡಮೋಳ್ ಹತ್ತುವ ಆಸೆಯಿದ್ದರೂ ಅದು ಹಗಲಿನ ಚಾರಣ. ಅರಣ್ಯ ಇಲಾಖೆ ಮೇಲೆ ರಾತ್ರಿ ತಂಗಲು ಬಿಡುವುದಿಲ್ಲ. ಮನೆಯವರು ಊಟಕ್ಕೆ ಕರೆದರೆ ಸಂಕೋಚಪಡಬೇಡಿ. ಕಡಂಬುಟ್ಟು, ಪಂದಿ ಕರಿ ಹೊಟ್ಟೆ ತುಂಬ ಉಂಡವರು ಚಳಿ ಎಂದು ದೂರಿದ್ದನ್ನು ನಾನು ಕೇಳಿಲ್ಲ.

ಬೆಳಿಗ್ಗೆ ಮಂಜು ಕರಗುವವರೆಗೆ ಕಾಯುತ್ತ ಕೂರಬೇಡಿ. ತೇವದ ಬ್ಯಾಗನ್ನೇ ಸಡಿಲವಾಗಿ ತುರುಕಿ ಹೊರಡಿ, ಮಧ್ಯಾಹ್ನದ ಊಟಕ್ಕೆ ನಿಂತಲ್ಲಿ ಒಳಬದಿ ಹೊರಗೆ ಮಾಡಿ ಬಿಸಿಲಿಗೆ ಹರಡಿ. ಅರ್ಧ ಗಂಟೆ ಸಾಕು. ಕಣದಲ್ಲಿ ಹರಡುವುದಾದರೆ ಕೇಳಿ ಹರಡಿ, ಹಸಿ ಕಾಫಿ ಹಣ್ಣಿನ ಹತ್ತಿರ ಬೇಡ. ಆ ಕಲೆ ಹೋಗುವುದಿಲ್ಲ.

ಮನೆಗೆ ಮರಳಿದ ಮೇಲೆ ತುರುಕಿದ ಸ್ಥಿತಿಯಲ್ಲಿ ಅಟ್ಟಕ್ಕೆ ಎಸೆಯಬೇಡಿ. ದಿಂಬಿನ ದೊಡ್ಡ ಗವಸಿನಲ್ಲಿ ಸಡಿಲವಾಗಿ ಇಡಿ, ಇಲ್ಲವೇ ಬೀರುವಿನಲ್ಲಿ ತೂಗುಹಾಕಿ. ಮಳೆಗಾಲದಲ್ಲಿ ಬೂಷ್ಟು ಬಾರದಿರಲೆಂದು ಬೀರುವಿನೊಳಗೆ ಬಲ್ಬ್ ಉರಿಸುವ ಮನೆಗಳುಂಟು. ಹಾಗಿದ್ದರೆ ಬ್ಯಾಗ್ ಅದಕ್ಕೆ ತಾಗದಿರಲಿ, ನೈಲಾನ್ ಕರಗಿಬಿಡುತ್ತದೆ. ಒಗೆಯಲು ಸೌಮ್ಯ ಸೋಪು, ತಣ್ಣೀರು. ಬಟ್ಟೆ ಮೆದುವಾಗಿಸುವ ದ್ರವ ಬೇಡ, ಹಿಂಡುವುದೂ ಬೇಡ. ಈ ಕೆಲಸವನ್ನು ಏಪ್ರಿಲ್ ಬಿಸಿಲಿನಲ್ಲೇ ಮುಗಿಸಿ. ಜೂನ್ ಮಳೆ ಹಿಡಿದ ಮೇಲೆ ಒಗೆದರೆ ಸೆಪ್ಟೆಂಬರ್‌ವರೆಗೆ ಒಣಗುವುದಿಲ್ಲ.